ಟೈರಿನ ಮೇಲೆ ಬರೆದ ಲೆಕ್ಕ

ಕಳೆದ ರಜೆಯಲ್ಲಿ ನನ್ನ ಅಣ್ಣ ನಮ್ಮ ಹಳೆಯ ಪಿಕಪ್ ಗಾಡಿಯನ್ನು ಎರಡು ಇಂಚು ತಗ್ಗಿಸಿದ. ಹಿಂದಿನ ಪಾಟಾದ ಎರಡು ಎಲೆ ತೆಗೆಸಿದ್ದ. ಖಾಲಿ ಇದ್ದಾಗ ಗಾಡಿ ನೋಡಲು ಚೆಂದವೇ ಇತ್ತು. ಆದರೆ ಗೋವಿನಜೋಳ ಹೇರಿಕೊಂಡು ಕುಡಚಿಯಿಂದ ರಾಯಬಾಗಕ್ಕೆ ಹೊರಟಾಗ ಒಂದು ಉಬ್ಬಿನ ಮೇಲೆ ಗರ್ ಎಂದು ಸದ್ದಾಯಿತು, ರಬ್ಬರ್ ಸುಟ್ಟ ವಾಸನೆ ಬಂತು. ಇಳಿದು ನೋಡಿದರೆ ಟೈರ್ ಮಡ್‌ಗಾರ್ಡಿಗೆ ಉಜ್ಜಿತ್ತು. “ಸಣ್ಣ ಟೈರ್ ಹಾಕಿದರಾಯಿತು” ಎಂದ ಅಣ್ಣ. “ಮೊದಲು ಲೆಕ್ಕ ಮಾಡಿ ತೋರಿಸು” ಎಂದು ಅಬ್ಬಾ ನನಗೆ ಹೇಳಿದರು.

ನಮ್ಮ ಟೈರಿನ ಮೇಲೆ 215/75 ಆರ್ 15 ಎಂದಿತ್ತು. 215 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 75 ಎಂದರೆ ಬದಿಗೋಡೆಯ ಎತ್ತರ ಆ ಅಗಲದ ಶೇ. 75. ಆರ್ ಎಂದರೆ ರೇಡಿಯಲ್. 15 ಎಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ.

ಬದಿಗೋಡೆ: 215 × 0.75 = 161.25 ಮಿ.ಮೀ.
ರಿಮ್: 15 × 25.4 = 381 ಮಿ.ಮೀ.
ಒಟ್ಟು ವ್ಯಾಸ: 381 + (2 × 161.25) = 703.5 ಮಿ.ಮೀ.

ಅಣ್ಣ ಆರಿಸಿದ್ದು 205/60 ಆರ್ 15. ಇದೇ ರೀತಿ ಲೆಕ್ಕ ಹಾಕಿದರೆ ವ್ಯಾಸ 627 ಮಿ.ಮೀ. ಅಂದರೆ ಸುಮಾರು ಶೇ. 11 ಕಡಿಮೆ. ಸ್ಪೀಡೋಮೀಟರ್ ಎಣಿಸುವುದು ಸುತ್ತುಗಳನ್ನು. ಮೊದಲು ಅದು ಸರಿಯಾಗಿದ್ದರೆ, ಈಗ 60 ತೋರಿಸುವಾಗ ನಿಜವಾದ ವೇಗ ಸುಮಾರು 53.5 ಕಿ.ಮೀ. ಮಾತ್ರ. ಆಕ್ಸಲ್ ಕೂಡ ನೆಲಕ್ಕೆ 38 ಮಿ.ಮೀ. ಹತ್ತಿರವಾಗುತ್ತದೆ; ಹೊಲದ ದಾರಿಯ ಕಲ್ಲಿಗೆ ತಾಗುವುದು ಅದೇ.

ಅಣ್ಣನಿಗೆ ಇದ್ಯಾವುದೂ ದೊಡ್ಡದೆನಿಸಲಿಲ್ಲ. ಅವನನ್ನು ನಿಲ್ಲಿಸಿದ್ದು ಅಳತೆಯ ನಂತರ ಬರುವ ಇನ್ನೊಂದು ಅಂಕಿ, ಲೋಡ್ ಇಂಡೆಕ್ಸ್. ನಮ್ಮ ಟೈರಿನದು 100, ಅಂದರೆ ಒಂದು ಟೈರ್ ಹೊರಬಲ್ಲದ್ದು 800 ಕೆ.ಜಿ. ಅವನು ಆರಿಸಿದ್ದು 91, ಅಂದರೆ 615 ಕೆ.ಜಿ. ಹಿಂದಿನ ಎರಡೇ ಟೈರುಗಳಲ್ಲಿ 370 ಕೆ.ಜಿ. ಕಡಿಮೆ. 50 ಕೆ.ಜಿ.ಯ ಏಳು ಚೀಲಕ್ಕಿಂತ ಹೆಚ್ಚು! ಹೊರೆ ಮೀರಿದ ಟೈರ್ ಕಾದು ದಾರಿಯಲ್ಲೇ ಸಿಡಿಯಬಹುದು. ಪಾಟಾದ ಎಲೆ ತೆಗೆದಾಗಲೇ ಗಾಡಿ ಹೊರುವ ಶಕ್ತಿ ಕುಗ್ಗಿತ್ತು ಎಂಬುದೂ ಆಗ ಹೊಳೆಯಿತು.

ಅಗಲ ರಿಮ್ ಹಾಕುವ ಆಸೆಯೂ ಅವನಿಗಿತ್ತು. ಅಲ್ಲಿ ನೋಡಬೇಕಾದದ್ದು ಆಫ್‌ಸೆಟ್: ರಿಮ್ಮಿನ ನಡುಗೆರೆಯಿಂದ ಅದು ಹಬ್ಬಿಗೆ ಕೂಡುವ ಮುಖಕ್ಕಿರುವ ದೂರ. ಧನ ಆಫ್‌ಸೆಟ್ 20 ಮಿ.ಮೀ. ಕಡಿಮೆಯಾದರೆ ಚಕ್ರ ಅಷ್ಟೇ ಹೊರಗೆ ಬರುತ್ತದೆ, ಬೇರಿಂಗಿನ ಮೇಲೆ ಒತ್ತಡ ಹೆಚ್ಚುತ್ತದೆ. ಬೋಲ್ಟುಗಳ ಸಂಖ್ಯೆಯ ಜೊತೆಗೆ ಅವು ಕೂತಿರುವ ವೃತ್ತದ ವ್ಯಾಸವೂ ಹೊಂದಬೇಕು.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲತಃ ಸೂಚಿಸಿದ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು.

ಕೊನೆಗೆ ನಾವು ಪಾಟಾದ ಎಲೆಗಳನ್ನು ಮತ್ತೆ ಹಾಕಿಸಿದೆವು, ಉಜ್ಜಿದ ಟೈರಿಗೆ ಅದೇ ಅಳತೆಯ, ಅದೇ ಲೋಡ್ ಇಂಡೆಕ್ಸಿನ ಹೊಸ ಟೈರ್ ತಂದೆವು. ನಾನು ಕಲಿತ ಕ್ರಮ ಇಷ್ಟು: ಮೊದಲು ಹೊರೆ, ಆಮೇಲೆ ವ್ಯಾಸ, ಆಮೇಲೆ ಅಗಲ ಮತ್ತು ಆಫ್‌ಸೆಟ್, ಚೆಂದ ಕೊನೆಗೆ.

ಗೆಳೆಯರೇ, ಇಂದು ಮನೆಗೆ ಹೋದಾಗ ನಿಮ್ಮ ಗಾಡಿಯ ಟೈರನ್ನೊಮ್ಮೆ ಓದಿ. ಚಾಲಕನ ಬಾಗಿಲ ಬಳಿಯ ಪಟ್ಟಿಯಲ್ಲೋ ಕೈಪಿಡಿಯಲ್ಲೋ ಇರುವ ಅಳತೆಯೊಂದಿಗೆ ಹೋಲಿಸಿ. ಅದರ ಮೇಲೆ ಕೂರುವವರು ನಮ್ಮ ಮನೆಯವರೇ ಅಲ್ಲವೇ?