ತೆರೆಯ ಪರೀಕ್ಷೆ ಯಂತ್ರಕ್ಕೆ ಒಪ್ಪಿಸುವವರಿಗೆ ಎಂಟು ಸೂತ್ರಗಳು

ಲೆಕ್ಕಪರಿಶೋಧಕರ ಕಚೇರಿಗಳಲ್ಲಿ ಬಳಕೆಯಲ್ಲಿರುವ ವಿನ್‌ಮ್ಯಾನ್ ತೆರಿಗೆ ತಂತ್ರಾಂಶ ಮಂಗಳೂರಿನದು. 1924ರಲ್ಲಿ ಶುರುವಾದ ಕರ್ಣಾಟಕ ಬ್ಯಾಂಕಿನ ಪ್ರಧಾನ ಕಚೇರಿ ಇರುವುದೂ ಇಲ್ಲೇ. ತೆರಿಗೆಯಿರಲಿ, ಬ್ಯಾಂಕಿರಲಿ, ತೆರೆಯ ಮೇಲೆ ಒಂದು ಅಂಕಿ ತಪ್ಪಿದರೆ ಯಾರದೋ ದುಡ್ಡು ಹೋಗುತ್ತದೆ. ಪ್ರತಿ ಫೆಬ್ರವರಿ 1ರ ಬಜೆಟ್ ಆದ ಮೇಲೆ ನಿಯಮ ಬದಲಾಗುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ ಬಂದ 2025ರ ಕಾಯ್ದೆಯಂತೂ 2026ರ ಏಪ್ರಿಲ್ 1ರಿಂದ ಕಲಮುಗಳ ಸಂಖ್ಯೆಗಳನ್ನೇ ಬದಲಿಸಿತು. ಪ್ರತಿ ಸಲವೂ ಎಲ್ಲ ತೆರೆಗಳನ್ನು ಕೈಯಲ್ಲೇ ಕ್ಲಿಕ್ ಮಾಡಿ ನೋಡುತ್ತೇವೆ ಎಂದು ಹೊರಟರೆ ಮುಗಿಯುವ ಕೆಲಸವಲ್ಲ ಇದು. ಆಟೊಮೇಷನ್ ಬೇಕೇ ಬೇಕು. ಆದರೆ ನಂಬುವಂಥ ಆಟೊಮೇಷನ್ ಬೇಕು.

1. ಲೆಕ್ಕವನ್ನು ತೆರೆಯ ಮೂಲಕ ಪರೀಕ್ಷಿಸಬೇಡಿ. ತೆರಿಗೆಯ ಸೂತ್ರ ಸರಿಯಿದೆಯೇ ಎಂಬುದನ್ನು ಯೂನಿಟ್ ಟೆಸ್ಟ್ ಕಣ್ಣುಮಿಟುಕಿಸುವುದರೊಳಗೆ ಹೇಳುತ್ತದೆ. ಲಾಗಿನ್ ಆಗಿ, ಫಾರಂ ತುಂಬಿ, ಬಟನ್ ಒತ್ತಿ ಅದನ್ನೇ ತಿಳಿಯಲು ನಿಮಿಷಗಳು ಬೇಕು. ಲಾಗಿನ್, ಉಳಿಸುವುದು, ಮುದ್ರಣ, ಸಲ್ಲಿಕೆ ಹೀಗೆ ಬಳಕೆದಾರ ನಡೆಯುವ ಮುಖ್ಯ ದಾರಿಗಳಷ್ಟನ್ನೇ ತೆರೆಯ ಟೆಸ್ಟಿಗೆ ಬಿಡಿ.

2. ಗುರುತು ಕೇಳಿ ಪಡೆಯಿರಿ. ಮೂರನೇ ಡಬ್ಬಿಯೊಳಗಿನ ಎರಡನೇ ಸಾಲಿನ ಬಟನ್ ಎಂದು ಎಕ್ಸ್‌ಪಾತ್ ಬರೆದರೆ, ಡಿಸೈನರ್ ಒಂದು ಗೆರೆ ಸರಿಸಿದ ದಿನ ಸ್ಕ್ರಿಪ್ಟ್ ಬೀಳುತ್ತದೆ. ವೆಬ್ಬಿನಲ್ಲಿ ಟೆಸ್ಟ್ ಐಡಿ, ವಿಂಡೋಸ್ ತಂತ್ರಾಂಶದಲ್ಲಿ ಆಟೊಮೇಷನ್ ಐಡಿ ಇಡಲು ಡೆವಲಪರ್‌ಗೆ ಹೇಳಿ. ಜೊತೆಗೆ ಪ್ರತಿ ಬಟನ್ನಿಗೂ ಸ್ಕ್ರೀನ್ ರೀಡರ್ ಓದುವಂಥ ಹೆಸರು ಇರಲಿ. ದೃಷ್ಟಿಯಿಲ್ಲದ ಬಳಕೆದಾರರಿಗೂ ನಿಮ್ಮ ಸ್ಕ್ರಿಪ್ಟಿಗೂ ದಾರಿ ತೋರಿಸುವುದು ಆ ಒಂದೇ ಹೆಸರು. ಈ ಸೂತ್ರವೊಂದಕ್ಕಾಗಿ ಮೀಟಿಂಗಿನಲ್ಲಿ ಜಗಳ ಆಡಬೇಕಾಗಿ ಬಂದರೂ ಆಡಿ.

3. ಸ್ಲೀಪ್ ಬಿಡಿ, ಷರತ್ತಿಗಾಗಿ ಕಾಯಿರಿ. ‘ಐದು ಸೆಕೆಂಡ್ ನಿಲ್ಲು’ ಎಂದು ಬರೆದ ಸಾಲು ವೇಗದ ಯಂತ್ರದಲ್ಲಿ ಸಮಯ ಹಾಳುಮಾಡುತ್ತದೆ, ನಿಧಾನದ ಯಂತ್ರದಲ್ಲಿ ಸುಳ್ಳು ಸೋಲು ತರುತ್ತದೆ. ‘ಸಲ್ಲಿಸಿ ಬಟನ್ ಒತ್ತುವಂತಾಗುವವರೆಗೆ’ ಎಂದು ಬರೆಯಿರಿ. 2020ರಲ್ಲಿ ಮೈಕ್ರೋಸಾಫ್ಟ್ ತಂದ ಪ್ಲೇರೈಟ್ ಈ ಕಾಯುವಿಕೆಯನ್ನು ಬಹುಮಟ್ಟಿಗೆ ತಾನೇ ಮಾಡುತ್ತದೆ. 2004ರಲ್ಲಿ ಜೇಸನ್ ಹಗಿನ್ಸ್ ಶುರುಮಾಡಿದ ಸೆಲೆನಿಯಂನಲ್ಲಿ ನೀವೇ ಎಕ್ಸ್‌ಪ್ಲಿಸಿಟ್ ವೇಟ್ ಹಾಕಬೇಕು. ಅದರ ಜೊತೆಗೆ ಇಂಪ್ಲಿಸಿಟ್ ವೇಟ್ ಬೆರೆಸಬೇಡಿ. ಎಷ್ಟು ಹೊತ್ತು ಕಾಯುತ್ತದೆಂದು ಆಮೇಲೆ ಯಾರೂ ಹೇಳಲಾರರು.

4. ಡೆಸ್ಕ್‌ಟಾಪಿನ ಕಷ್ಟ ಬೇರೆ. ವಿಂಡೋಸಿನ ಯುಐ ಆಟೊಮೇಷನ್ ಎಂಬ ವ್ಯವಸ್ಥೆಯ ಮೇಲೆ ಪೈವಿನ್‌ಆಟೊ, ಫ್ಲಾಯುಐ ಎಂಬ ಸಾಧನಗಳು ಕೆಲಸ ಮಾಡುತ್ತವೆ. ಆದರೆ ಲೆಕ್ಕಪತ್ರದ ತಂತ್ರಾಂಶಗಳಲ್ಲಿ ತಾವೇ ಚಿತ್ರಿಸಿಕೊಂಡ ಗ್ರಿಡ್‌ಗಳು ಹೆಚ್ಚು. ನಮಗೆ ನೂರು ಕೋಶ ಕಂಡರೂ ಸಾಧನಕ್ಕೆ ಕಾಣುವುದು ಒಂದೇ ಖಾಲಿ ಚೌಕ. ಅಂಥಲ್ಲಿ ಕೀಬೋರ್ಡ್ ಶಾರ್ಟ್‌ಕಟ್ ಬಳಸಿ, ಫಲಿತಾಂಶವನ್ನು ಉಳಿಸಿದ ಫೈಲಿನಿಂದಲೋ ಡೇಟಾಬೇಸಿನಿಂದಲೋ ಓದಿ. ಚಿತ್ರ ಹೋಲಿಸುವ ವಿಧಾನ ಕೊನೆಯ ಉಪಾಯವಾಗಿರಲಿ: ತೆರೆಯ ಅಳತೆ 100ರಿಂದ 125 ಪ್ರತಿಶತಕ್ಕೆ ಹೋದರೆ ಸಾಕು, ಅದು ಕೆಡುತ್ತದೆ. ಇನ್ನೊಂದು ಮಾತು, ರಿಮೋಟ್ ಡೆಸ್ಕ್‌ಟಾಪ್ ಕಡಿದುಕೊಂಡು ಮನೆಗೆ ಹೋದರೆ ಆ ಯಂತ್ರದಲ್ಲಿ ತೆರೆ ಲಾಕ್ ಆಗುತ್ತದೆ, ಮೌಸ್ ಒತ್ತುವ ಟೆಸ್ಟುಗಳೆಲ್ಲ ರಾತ್ರಿ ಬೀಳುತ್ತವೆ. ಬೆಳಿಗ್ಗೆ ಬಂದು ತಂತ್ರಾಂಶದಲ್ಲಿ ತಪ್ಪು ಹುಡುಕುವ ಮೊದಲು ಇದನ್ನು ನೋಡಿ.

5. ಒಂದು ಟೆಸ್ಟು ಇನ್ನೊಂದನ್ನು ಅವಲಂಬಿಸಕೂಡದು. ತನಗೆ ಬೇಕಾದ ಗ್ರಾಹಕನನ್ನು ತಾನೇ ಸೃಷ್ಟಿಸಿಕೊಳ್ಳಲಿ, ಆಗುವುದಾದರೆ ಎಪಿಐ ಮೂಲಕ.

6. ಗಡಿಯಾರ ನೋಡಿಕೊಳ್ಳಿ. ಕ್ಲೌಡಿನ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ ಸಮಯದಲ್ಲಿರುತ್ತವೆ, ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಏಪ್ರಿಲ್ 1ರಂದು ನಸುಕಿನಲ್ಲಿ, 5.30ಕ್ಕೆ ಮೊದಲು ಓಡಿದ ಟೆಸ್ಟಿಗೆ ಸರ್ವರ್ ಇನ್ನೂ ಮಾರ್ಚ್ 31 ಎನ್ನುತ್ತದೆ. ಆರ್ಥಿಕ ವರ್ಷವೇ ಬೇರೆ! ಟೆಸ್ಟಿನೊಳಗೆ ದಿನಾಂಕವನ್ನೂ ಸಮಯವಲಯವನ್ನೂ ನೀವೇ ನಿಗದಿಮಾಡಿ. 1,00,000 ಎಂದು ಬರಬೇಕಾದಲ್ಲಿ 100,000 ಬಂದೀತೇ ಎಂಬುದನ್ನೂ ಪರೀಕ್ಷಿಸಿ.

7. ಸುಳ್ಳು ಹೇಳುವ ಟೆಸ್ಟನ್ನು ಅಂದೇ ಪಕ್ಕಕ್ಕಿಡಿ. ಒಮ್ಮೆ ಪಾಸ್ ಆಗಿ, ಕೋಡ್ ಬದಲಾಗದೆಯೇ ಮತ್ತೊಮ್ಮೆ ಫೇಲ್ ಆಗುವ ಟೆಸ್ಟು ‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನಂತೆ. ‘ಇನ್ನೊಮ್ಮೆ ಓಡಿಸಿ ನೋಡು’ ಎಂಬ ಮಾತು ತಂಡದಲ್ಲಿ ರೂಢಿಯಾದರೆ ನಿಜವಾದ ಸೋಲನ್ನೂ ಯಾರೂ ಓದುವುದಿಲ್ಲ. ಕಾರಣ ಸಿಕ್ಕಿದರೆ ಸರಿಪಡಿಸಿ, ಸಿಗದಿದ್ದರೆ ಅಳಿಸಿ. ಸೋತಾಗಿನ ತೆರೆಯ ಚಿತ್ರ, ಲಾಗ್ ಎರಡೂ ತಾನಾಗಿ ಉಳಿಯುವಂತೆ ಮಾಡಿದರೆ ಕಾರಣ ಬೇಗ ಸಿಗುತ್ತದೆ. ಸಾವಿರ ಟೆಸ್ಟು ಇದೆ ಎಂಬ ಹೆಮ್ಮೆಗಿಂತ ನಂಬಬಹುದಾದ ನಲವತ್ತು ಮೇಲು.

8. ಕನ್ನಡ ತೆರೆಯನ್ನು ಬಿಡಬೇಡಿ. ಬಟನ್ನಿನ ಪಠ್ಯವನ್ನೇ ಹಿಡಿದು ಹುಡುಕುವ ಸ್ಕ್ರಿಪ್ಟು ಭಾಷೆ ಬದಲಾದೊಡನೆ ಕುರುಡಾಗುತ್ತದೆ. ಐಡಿಯಿಂದ ಹುಡುಕಿ, ಕಾಣುವ ಪಠ್ಯ ಸರಿಯೇ ಎಂದು ಬೇರೆಯಾಗಿ ಕೇಳಿ. ಯುನಿಕೋಡಿನಲ್ಲಿ ‘ಕೋ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡುಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹೋಲಿಸುವ ಯಂತ್ರಕ್ಕೆ ಬೇರೆ ಬೇರೆ. ಹಾಗಾಗಿ ಹೋಲಿಕೆಗೆ ಮೊದಲು ಎರಡನ್ನೂ ಯುನಿಕೋಡಿನ ಪ್ರಮಾಣಿತ ಎನ್‌ಎಫ್‌ಸಿ ರೂಪಕ್ಕೆ ತನ್ನಿ. ‘ಸೂರ್ಯ’ ಎಂಬ ಹೆಸರು ಅರ್ಕಾವತ್ತಿನೊಡನೆಯೂ ಬರುತ್ತದೆ, ಅದಿಲ್ಲದೆ ಕಣ್ಣಿಗೆ ಕಾಣದ ಜೋಡಕದೊಡನೆಯೂ ಬರುತ್ತದೆ. ಎನ್‌ಎಫ್‌ಸಿ ಈ ವ್ಯತ್ಯಾಸವನ್ನು ಅಳಿಸುವುದಿಲ್ಲ, ನೀವೇ ನಿಭಾಯಿಸಬೇಕು. ಯುನಿಕೋಡಿಗೆ ಮುಂಚಿನ ಫಾಂಟುಗಳಲ್ಲಿ ತುಂಬಿದ ಹಳೆಯ ದತ್ತಾಂಶವಿದ್ದರೆ ಅದಕ್ಕೊಂದು ಪ್ರತ್ಯೇಕ ಟೆಸ್ಟು ಬೇಕು. ಇಂಗ್ಲಿಷಿಗಾಗಿ ಅಳೆದ ಬಟನ್ನಿನಲ್ಲಿ ಕನ್ನಡದ ಒತ್ತಕ್ಷರದ ಕೆಳತುದಿ ಕತ್ತರಿಸಿಹೋಗಿದೆಯೇ ಎಂಬುದನ್ನು ಮಾತ್ರ ಮನುಷ್ಯರೇ ಕೂತು ನೋಡಿ.

ನಿಮ್ಮ ತಂತ್ರಾಂಶಕ್ಕೆ ಕನ್ನಡ ತೆರೆ ಇದ್ದು, ಅದಕ್ಕೆ ಒಂದೂ ಟೆಸ್ಟು ಇಲ್ಲದಿದ್ದರೆ, ಈ ವಾರ ಮೊದಲು ಅದನ್ನೇ ಬರೆಯಿರಿ.