ಪಾರೆಯ ಮೇಲಿನ ಗೆರೆಗಳನ್ನು ಓದೋಣ



ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಲ್ಲಿ ಮುರಕಲ್ಲಿನ ಬೋಳು ಪಾರೆಗಳನ್ನು ನೀವೆಲ್ಲ ನೋಡಿದ್ದೀರಿ. ದನ ಮೇಯಿಸಲು, ಆಟವಾಡಲು ಅಲ್ಲಿಗೆ ಹೋಗಿರಲೂಬಹುದು. ಅಕ್ಷರ ಹುಟ್ಟುವ ಮೊದಲೇ ಮನುಷ್ಯರು ಬಂಡೆಗಳ ಮೇಲೆ ಚಿತ್ರ ಕೊರೆದಿದ್ದಾರೆ. ನಮ್ಮ ಭಾಗದ ಗಾವಳಿ, ಬುದ್ಧನ ಜೆಡ್ಡು ಮತ್ತು ಅವಲಕ್ಕಿ ಪಾರೆಗಳ ಇಂತಹ ಚಿತ್ರಗಳನ್ನು ಇತಿಹಾಸ ಪ್ರಾಧ್ಯಾಪಕ ಟಿ. ಮುರುಗೇಶಿ ಅವರು ಬೆಳಕಿಗೆ ತಂದರು.

ಎಲೆಗಳನ್ನು ಆಕಾರ, ಅಂಚು ನೋಡಿ ಗುಂಪು ಮಾಡುತ್ತೇವಲ್ಲವೇ? ಬಂಡೆಚಿತ್ರಗಳನ್ನೂ ಹಾಗೆಯೇ ವರ್ಗೀಕರಿಸಬಹುದು. ಅದಕ್ಕೆ ನಾಲ್ಕು ಪ್ರಶ್ನೆಗಳು ಸಾಕು.

1. ಇದು ಮನುಷ್ಯ ಮಾಡಿದ್ದೇ? ಮುರಕಲ್ಲಿನಲ್ಲಿ ತೂತು, ಕುಳಿಗಳು ತಾವಾಗಿಯೇ ಇರುತ್ತವೆ. ಒಂದೇ ಅಗಲ, ಒಂದೇ ಆಳದ ಗೆರೆ ಉದ್ದಕ್ಕೂ ಸಾಗಿ ಆಕೃತಿಯಾದರೆ ಅದು ಕೈಕೆಲಸವಿರಬಹುದು.

2. ಹೇಗೆ ಮಾಡಿದ್ದಾರೆ? ಗೀರಿದ್ದು, ಕಲ್ಲಿನಿಂದ ಕುಟ್ಟಿದ್ದು, ಉಜ್ಜಿ ನಯಗೊಳಿಸಿದ್ದು ಎಂದು ಮೂರು ಬಗೆ. ಬಣ್ಣ ಬಳಿದ ಚಿತ್ರಗಳದ್ದು ಬೇರೆಯೇ ಗುಂಪು.

3. ಏನನ್ನು ತೋರಿಸುತ್ತದೆ? ಪ್ರಾಣಿ, ಮನುಷ್ಯ, ಪಾದ, ಸುರುಳಿ, ಕುಳಿ ಇತ್ಯಾದಿ.

4. ಎಲ್ಲಿದೆ? ಮುರಕಲ್ಲೋ, ಕರಿಕಲ್ಲೋ? ನೆಲದ ಮೇಲೋ, ನಿಂತ ಬಂಡೆಯಲ್ಲೋ? ಹತ್ತಿರ ನೀರಿದೆಯೇ?

ಈಗ ಹೋಲಿಸೋಣ. ಗೋವಾದ ಉಸಗಾಳಿಮಳದಲ್ಲಿ ಕುಶಾವತಿ ನದಿಯ ದಂಡೆಯ ಮುರಕಲ್ಲಿನ ನೆಲದಲ್ಲಿ ಗೂಳಿ, ಜಿಂಕೆ ಹಾಗೂ ಚಕ್ರವ್ಯೂಹದಂತಹ ಆಕೃತಿ ಇವೆ. ಇವು 1993ರಲ್ಲಿ ಹೊರಜಗತ್ತಿಗೆ ತಿಳಿದವು. ರತ್ನಾಗಿರಿ ಜಿಲ್ಲೆಯ ಕಶೇಳಿಯಲ್ಲಿ ಸುಮಾರು 18 ಮೀಟರ್ ಉದ್ದ, 13 ಮೀಟರ್ ಅಗಲದ ಆನೆಯ ಚಿತ್ರವಿದೆ. ಬಳ್ಳಾರಿ ಬಳಿಯ ಕಪ್ಪಗಲ್ಲಿನಲ್ಲಾದರೋ ಕರಿಬಂಡೆಗಳ ಮೇಲೆ ಕುಟ್ಟಿದ ಚಿತ್ರಗಳು, ಹೆಚ್ಚಿನವು ದನಗಳದ್ದು. ಸುತ್ತಲಿನ ನವಶಿಲಾಯುಗದ ಬೂದಿದಿಬ್ಬಗಳೂ ದನಗಾಹಿ ಜನರನ್ನೇ ಸೂಚಿಸುತ್ತವೆ.

ಎಚ್ಚರ! ಎರಡು ಕಡೆ ಗೂಳಿ ಇದ್ದ ಮಾತ್ರಕ್ಕೆ ಎರಡೂ ಒಂದೇ ಕಾಲದ್ದಾಗಬೇಕಿಲ್ಲ. ಗೂಳಿಯನ್ನು ಇಂದೂ ಬರೆಯುತ್ತೇವೆ. ಬಂಡೆಯ ಮೇಲೆ ಬರಿದೇ ಕೊರೆದ ಗೆರೆಯಲ್ಲಿ ಇದ್ದಿಲಿನಂತಹ ವಸ್ತು ಇರುವುದಿಲ್ಲ. ಆದ್ದರಿಂದ ಇಂಗಾಲದ ವಿಧಾನದಿಂದ ನೇರವಾಗಿ ಅದರ ಕಾಲ ತಿಳಿಯದು. ಹಾಗಾಗಿ ಬೇರೆ ಸುಳಿವುಗಳು ಬೇಕು. ಹೊಸ ಗೀರು ಎದ್ದು ಕಾಣುತ್ತದೆ. ಹಳೆಯದು ಬಂಡೆಯ ಬಣ್ಣಕ್ಕೇ ತಿರುಗಿರುತ್ತದೆ. ಒಂದು ಗೆರೆ ಇನ್ನೊಂದನ್ನು ಕಡಿದು ಸಾಗಿದ್ದರೆ ಕಡಿದದ್ದೇ ನಂತರದ್ದು. ಹತ್ತಿರ ಸಿಗುವ ಕಲ್ಲಿನ ಆಯುಧ, ಮಡಕೆ ಚೂರುಗಳೂ ಸಾಕ್ಷಿ ಹೇಳುತ್ತವೆ. ಹಲವು ಸುಳಿವುಗಳು ಒಂದೇ ಕಡೆ ಬೆರಳು ತೋರಿಸಿದಾಗ ಮಾತ್ರ ತೀರ್ಮಾನ.

ಚಟುವಟಿಕೆ: ಶಾಲೆಯ ಅಂಗಳದಲ್ಲಿ ಹಗ್ಗದಿಂದ 18 ಮೀಟರ್ ಉದ್ದ, 13 ಮೀಟರ್ ಅಗಲದ ಆಯತ ಮಾಡಿ. ಒಂದೊಂದು ಮೀಟರಿಗೆ ಗುರುತಿಟ್ಟರೆ 234 ಚೌಕಗಳಾಗುತ್ತವೆ. ಚೌಕದ ಹಾಳೆಯಲ್ಲಿ ಆನೆ ಬರೆದು, ಚೌಕ ನೋಡಿಕೊಂಡು ಸುಣ್ಣದ ಪುಡಿಯಿಂದ ನೆಲಕ್ಕೆ ಇಳಿಸಿ. ಒಳಗೆ ನಿಂತರೆ ಇಡೀ ಆನೆ ಕಾಣುತ್ತದೆಯೇ? ಹಾಳೆ, ಅಳತೆಪಟ್ಟಿ ಇಲ್ಲದ ಆ ಜನ ಅಳತೆಯನ್ನು ಹೇಗೆ ಕಾಯ್ದುಕೊಂಡಿರಬಹುದು? ಚರ್ಚಿಸಿ.

ನೆನಪಿಡಿ: 2022ರಲ್ಲಿ ಕೊಂಕಣದ ಇಂತಹ 9 ತಾಣಗಳು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದವು. ನಮ್ಮ ಪಾರೆಗಳದ್ದೂ ಅದೇ ಮುರಕಲ್ಲು. ಮನೆಗೆ ಕಲ್ಲು ಬೇಕೆಂದು ಯಂತ್ರ ಪಾರೆಗೆ ಇಳಿದರೆ, ಸಾವಿರಾರು ಮಳೆಗಾಲ ಕಂಡ ಚಿತ್ರ ಒಂದೇ ದಿನದಲ್ಲಿ ಮಾಯವಾಗುತ್ತದೆ. ಮತ್ತೆ ಬರೆಯಲು ಬರೆದವರಿಲ್ಲ.

ಗೆರೆ ಕಂಡರೆ ತುಳಿಯಬೇಡಿ, ಕೆರೆಯಬೇಡಿ, ಸೀಮೆಸುಣ್ಣ ಹಚ್ಚಬೇಡಿ. ಓರೆ ಬಿಸಿಲಿರುವ ಬೆಳಿಗ್ಗೆ ಅಥವಾ ಸಂಜೆ ಹಿರಿಯರೊಂದಿಗೆ ಹೋಗಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಸಿ, ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದು ನಿಮ್ಮ ಶಿಕ್ಷಕರಿಗೆ ಕೊಡಿ. ಅವರು ಪುರಾತತ್ವ ಇಲಾಖೆಗೆ ತಿಳಿಸಲಿ. ಮುಂದಿನ ಚಿತ್ರ ನಿಮ್ಮ ಕಣ್ಣಿಗೇ ಬೀಳಬಹುದು.