ಡಂಜನ್‌ಗೆ ಇಳಿಯುವವರಿಗೆ ಒಂಬತ್ತು ಸೂತ್ರಗಳು

1981ರಲ್ಲಿ ಆಪಲ್ 2 ಕಂಪ್ಯೂಟರಿಗೆ ಬಂದ ‘ವಿಜರ್ಡ್ರಿ’ ಆಟದಲ್ಲಿ ಕಾಣುವುದು ಕಪ್ಪು ಪರದೆಯ ಮೇಲೆ ನಾಲ್ಕಾರು ಗೆರೆಗಳು, ಅಷ್ಟೆ. ಗೆರೆಗಳೇ ಗೋಡೆ, ಗೆರೆಗಳೇ ಬಾಗಿಲು. ಆಡುವವನ ಕಣ್ಣಿಗೂ ಪಾತ್ರಗಳ ಕಣ್ಣಿಗೂ ಕಾಣುವುದು ಒಂದೇ. ತಿರುವಿನಾಚೆ ಏನಿದೆ ಎಂದು ಇಬ್ಬರಿಗೂ ಗೊತ್ತಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಆಂಡ್ರ್ಯೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ಕಟ್ಟಿದ ಈ ಡಂಜನ್‌ಗೆ, ಅಂದರೆ ನೆಲಮಾಳಿಗೆಗೆ, ಜನ ಇಂದಿಗೂ ಇಳಿಯುತ್ತಾರೆ. ಇಳಿಯುವುದು ಸುಲಭ. ಮರಳಿ ಬರಬೇಕೆಂದಿದ್ದರೆ ಮುಂದೆ ಓದಿ.

1. ಮೊದಲು ಗ್ರಾಫ್ ಹಾಳೆ, ಪೆನ್ಸಿಲ್, ರಬ್ಬರ್ ತನ್ನಿ. ಮಹಡಿಗಳು ಹತ್ತು. ಪ್ರತಿ ಮಹಡಿಯೂ 20 ಅಡ್ಡ, 20 ಉದ್ದ ಮನೆಗಳ ಚೌಕ. ಮೂಲ ಆಟ ನಿಮಗೆ ನಕ್ಷೆ ಕೊಡುವುದಿಲ್ಲ, ನೀವೇ ಬರೆಯಬೇಕು. ಒಂದು ಹೆಜ್ಜೆ ಇಟ್ಟರೆ ಒಂದು ಮನೆ ತುಂಬಿಸಿ; ಬಾಗಿಲು, ಗುಂಡಿ, ಮೆಟ್ಟಿಲು ಎಲ್ಲಕ್ಕೂ ಗುರುತು ಹಾಕಿ. ಪೂರ್ವದ ಅಂಚು ದಾಟಿದರೆ ಪಶ್ಚಿಮದ ಅಂಚಿನಲ್ಲಿ ಏಳುತ್ತೀರಿ, ಗಾಬರಿ ಬೇಡ. ಗೋಡೆಗಳ ನಡುವೆ ಸುತ್ತಲೂ ಮುಚ್ಚಿದ ಒಂದು ಖಾಲಿ ಜಾಗ ಹಾಳೆಯ ಮೇಲೆ ಉಳಿದಿದೆಯೇ? ಅಲ್ಲೊಂದು ಗುಟ್ಟಿನ ಕೋಣೆ ಇರಬಹುದು. ಪರದೆ ಹೇಳದ್ದನ್ನು ಹಾಳೆ ಹೇಳಿಬಿಡುವ ಆ ಗಳಿಗೆಗಾಗಿಯೇ ಈ ಆಟವನ್ನು ಆಡಬೇಕು ಎಂದು ನನ್ನ ಅಭಿಪ್ರಾಯ. ಕತ್ತಿವರಸೆ ಆಮೇಲೆ.

2. ಅನುಮಾನ ಬಂದ ಕೂಡಲೇ ನಿಲ್ಲಿ. ಕೆಲವು ಮನೆಗಳ ಮೇಲೆ ಕಾಲಿಟ್ಟರೆ ಸದ್ದಿಲ್ಲದೆ ನಿಮ್ಮ ಮುಖ ಬೇರೆ ದಿಕ್ಕಿಗೆ ತಿರುಗಿರುತ್ತದೆ. ಇನ್ನು ಕೆಲವು ಎತ್ತಿ ಬೇರೆಲ್ಲೋ ಒಗೆಯುತ್ತವೆ. ಗೋಡೆಗಳು ನಕ್ಷೆಗೆ ಹೊಂದುತ್ತಿಲ್ಲ ಅನ್ನಿಸಿದರೆ ರಬ್ಬರ್ ಎತ್ತಬೇಡಿ, ‘ಡುಮಾಪಿಕ್’ ಮಂತ್ರ ಹಾಕಿ. ಊರಿಗೆ ಮೇಲೇರುವ ಮೆಟ್ಟಿಲಿನಿಂದ ಎಷ್ಟು ದೂರ ಬಂದಿದ್ದೀರಿ, ಯಾವ ಕಡೆ ಮುಖ ಮಾಡಿದ್ದೀರಿ ಎಂದು ಅದು ಹೇಳುತ್ತದೆ.

3. ಆರು ಮಂದಿಯನ್ನೂ ಕರೆದೊಯ್ಯಿರಿ. ಮುಂದಿನ ಮೂವರು ಮಾತ್ರ ಕೈಯಾರೆ ಹೊಡೆದಾಡಬಲ್ಲರು. ಅಲ್ಲಿ ಗಟ್ಟಿಮುಟ್ಟಾದ ಯೋಧರು, ಹಿಂದೆ ಮಾಂತ್ರಿಕ, ಪುರೋಹಿತ, ಕಳ್ಳ.

4. ಕಳ್ಳನನ್ನು ಕಡೆಗಣಿಸಬೇಡಿ. ಜಗಳದಲ್ಲಿ ಅವನಿಂದ ಮೂರು ಕಾಸಿನ ಉಪಯೋಗವಿಲ್ಲ. ಆದರೆ ಪೆಟ್ಟಿಗೆ ಸಿಕ್ಕಾಗ ಅವನೇ ರಾಜ. ವಿಷದ ಸೂಜಿಯೋ, ಗ್ಯಾಸ್ ಬಾಂಬೋ ಎಂದು ಅವನು ಮೂಸಿ ಹೇಳಿದ ಹೆಸರನ್ನು ಮೂಲ ಆಟದಲ್ಲಿ ನೀವೇ ಟೈಪ್ ಮಾಡಿ ಬಲೆ ಬಿಚ್ಚಬೇಕಿತ್ತು. ಮಂತ್ರಗಳದ್ದೂ ಅದೇ ಕತೆ: ಹೆಸರು ಬಾಯಿಪಾಠವಿರಬೇಕು, ಇಲ್ಲವೇ ಕೈಪಿಡಿ ಪಕ್ಕದಲ್ಲಿರಬೇಕು.

5. ಕೊಲ್ಲುವ ಮೊದಲು ಮಲಗಿಸಿ. ಹೊಸಬರು ಬೆಂಕಿಯ ಮಂತ್ರಕ್ಕೆ ಮರುಳಾಗುತ್ತಾರೆ. ಆದರೆ ಅದು ಒಂದು ಬಾರಿಗೆ ಸುಡುವುದು ಒಬ್ಬನನ್ನು. ‘ಕಟಿನೊ’ ಮಂತ್ರ ಇಡೀ ಗುಂಪನ್ನೇ ನಿದ್ದೆಗೆ ಕೆಡವುತ್ತದೆ. ಮೊದಲ ಮಹಡಿಯಲ್ಲಿ ಬದುಕುವುದು, ಸಾಯುವುದು ಬಹುಪಾಲು ಇದೊಂದರ ಮೇಲೆ ನಿಂತಿದೆ.

6. ಗೆಲ್ಲುತ್ತಿರುವಾಗಲೇ ಹಿಂತಿರುಗಿ. ಎಲ್ಲಕ್ಕಿಂತ ದೊಡ್ಡ ಸೂತ್ರ ಇದು. ಈಚಿನ ಆಟಗಳಲ್ಲಿ ಸತ್ತರೆ ಹಳೆಯ ಸೇವ್ ತೆರೆದು ಮುಂದುವರಿಯುತ್ತೇವೆ. ಇಲ್ಲಿ ಆಟವೇ ಸಾವನ್ನು ಡಿಸ್ಕ್‌ಗೆ ಬರೆದುಕೊಳ್ಳುತ್ತದೆ. ಸತ್ತವನನ್ನು ಊರಿನ ದೇವಾಲಯಕ್ಕೆ ಹೊತ್ತು, ಚಿನ್ನ ಸುರಿದು ಎಬ್ಬಿಸಬೇಕು. ವಿಧಿ ಕೈಕೊಟ್ಟರೆ ಅವನು ಬೂದಿ. ಬೂದಿಯಿಂದ ಎಬ್ಬಿಸಲು ಹೋಗಿ ಮತ್ತೆ ಕೈಕೊಟ್ಟರೆ ಹೆಸರೂ ಇಲ್ಲ. ಇಡೀ ತಂಡ ಅಳಿದರೆ ಹೆಣಗಳು ಬಿದ್ದಲ್ಲೇ ಉಳಿಯುತ್ತವೆ. ಹೊಸ ತಂಡ ಕಟ್ಟಿ, ಬೆಳೆಸಿ, ಅಲ್ಲಿಯವರೆಗೆ ನಡೆಸಿ ಹೊತ್ತು ತರಬೇಕು. ಇನ್ನೊಂದು ಬಾಗಿಲು, ಇನ್ನೊಂದೇ ಬಾಗಿಲು ಎಂದು ಹೋದವರ ಗತಿ ಅಭಿಮನ್ಯುವಿನದೇ. ಮಾಂತ್ರಿಕನ ಮಂತ್ರಗಳು ಅರ್ಧ ಖರ್ಚಾದವೇ? ಹೊರಡಿ. ವಾಪಸಿನ ದಾರಿಯಲ್ಲೂ ರಾಕ್ಷಸರಿದ್ದಾರೆ. ಊರಿನ ಛತ್ರದ ಕುದುರೆಲಾಯದಲ್ಲಿ ಮಲಗಲು ದುಡ್ಡು ಬೇಕಿಲ್ಲ, ಮಂತ್ರಗಳು ಮಾತ್ರ ಪೂರಾ ಮರಳುತ್ತವೆ. ಆಮೇಲೆ ಪುರೋಹಿತನಿಂದ ಗಾಯ ವಾಸಿ ಮಾಡಿಸಿ, ಅವನನ್ನು ಮತ್ತೆ ಲಾಯದಲ್ಲಿ ಮಲಗಿಸಿ. ಜಿಪುಣತನವೆನ್ನಿ, ಜಾಣತನವೆನ್ನಿ, ಎಲ್ಲರೂ ಮಾಡುತ್ತಾರೆ.

7. ಎಲ್ಲ ಮಹಡಿ ನೋಡುವ ಹಟ ಬೇಡ. ನಾಲ್ಕನೆಯ ಮಹಡಿಯಲ್ಲಿ ಕಾವಲಿನವರನ್ನು ಸೋಲಿಸಿದರೆ ನೀಲಿ ರಿಬ್ಬನ್ ಸಿಗುತ್ತದೆ. ಅದಿದ್ದರೆ ಲಿಫ್ಟ್ ಒಂಬತ್ತನೆಯ ಮಹಡಿಯವರೆಗೂ ಇಳಿಸುತ್ತದೆ. ನಡುವಿನವುಗಳಲ್ಲಿ ಕಡ್ಡಾಯವಾದದ್ದು ಏನೂ ಇಲ್ಲ. ಹತ್ತರಲ್ಲಿ ಕಾದಿರುವವನು ಕೊನೆಯ ವೈರಿ ವೆರ್ಡ್ನಾ. (ಆ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಹಿಂದಿನಿಂದ ಓದಿ, ಆಟ ಬರೆದವರಲ್ಲಿ ಒಬ್ಬರು ಸಿಗುತ್ತಾರೆ.) ‘ಮಾಲೋರ್’ ಮಂತ್ರದಿಂದ ದೂರಕ್ಕೆ ಹಾರಬಹುದು ನಿಜ, ಲೆಕ್ಕ ತಪ್ಪಿ ಬಂಡೆಯೊಳಗೆ ಇಳಿದರೆ ಆರೂ ಮಂದಿ ಗೋವಿಂದ.

8. ಒಂದು ಆಟದ ಪಾಠವನ್ನು ಇನ್ನೊಂದಕ್ಕೆ ಹಚ್ಚಬೇಡಿ. 1987ರಲ್ಲಿ ಅಟಾರಿ ಎಸ್‌ಟಿಗೆ ಬಂದ ‘ಡಂಜನ್ ಮಾಸ್ಟರ್’ನಲ್ಲಿ ಸರದಿ ಕಾಯುವುದಿಲ್ಲ, ನೀವು ಯೋಚಿಸುತ್ತಿದ್ದರೂ ರಾಕ್ಷಸ ನಡೆದು ಬರುತ್ತಾನೆ. ಅಲ್ಲಿ ತಂಡ ನಾಲ್ವರದು. ಹಸಿವಾಗುತ್ತದೆ, ಬಾಯಾರುತ್ತದೆ, ಪಂಜು ಮಂಕಾಗುತ್ತದೆ. ಅಲ್ಲಿ ಗೆಲ್ಲಿಸುವುದು ಕಾಲು: ಹೊಡೆ, ಪಕ್ಕಕ್ಕೆ ಸರಿ, ತಿರುಗು, ಮತ್ತೆ ಹೊಡೆ. ಬಾಗಿಲ ಕೆಳಗೆ ರಾಕ್ಷಸ ಬಂದಾಗ ಗುಂಡಿ ಒತ್ತಿದರೆ ಬಾಗಿಲೇ ಅವನ ತಲೆ ಜಜ್ಜುತ್ತದೆ. 1991ರ ‘ಐ ಆಫ್ ದಿ ಬಿಹೋಲ್ಡರ್’ ಈ ದಾರಿಯನ್ನೇ ಹಿಡಿಯಿತು.

9. ನಿಮ್ಮ ತಾಳ್ಮೆಗೆ ತಕ್ಕದ್ದನ್ನು ಆರಿಸಿ. ನಕ್ಷೆ ಬರೆಯುವ ಸುಖ ಬೇಕು, ಹಾಳೆ ಬೇಡ ಎನ್ನುವವರಿಗೆ 2007ರ ‘ಎಟ್ರಿಯನ್ ಒಡಿಸ್ಸಿ’ ಇದೆ. ನಿಂಟೆಂಡೊ ಡಿಎಸ್‌ನ ಕೆಳಗಿನ ಪರದೆಯ ಮೇಲೆ ಕಡ್ಡಿಯಿಂದ ನೀವೇ ಗೆರೆ ಎಳೆಯಬೇಕು. 2012ರ ಫಿನ್ಲೆಂಡಿನ ‘ಲೆಜೆಂಡ್ ಆಫ್ ಗ್ರಿಮ್‌ರಾಕ್’ನಲ್ಲಿ ನಕ್ಷೆ ತಾನಾಗಿಯೇ ಮೂಡುತ್ತದೆ, ಬೇಡವೆಂದರೆ ಮೊದಲಲ್ಲೇ ಅದಿಲ್ಲದ ಬಗೆಯನ್ನು ಆರಿಸಬಹುದು. ‘ವಿಜರ್ಡ್ರಿ’ಯೇ ಬೇಕೆನ್ನುವವರಿಗೆ ಡಿಜಿಟಲ್ ಎಕ್ಲಿಪ್ಸ್ 2024ರಲ್ಲಿ ಹೊಸ ಬಣ್ಣದಲ್ಲಿ ತಂದ ಆವೃತ್ತಿ ಸಾಕು, ಅದರ ಮೂಲೆಯಲ್ಲಿ ಹಳೆಯ ಆಪಲ್ 2 ಪರದೆಯನ್ನೂ ಜೊತೆಗೇ ನೋಡಬಹುದು. ಇದರಲ್ಲೂ ನಕ್ಷೆಯ ನೆರವು ಸಿಗುತ್ತದೆ. ಮೊದಲ ಮಹಡಿಯನ್ನಾದರೂ ಅದಿಲ್ಲದೆ, ಪೆನ್ಸಿಲ್ ಹಿಡಿದೇ ಆಡಿ ನೋಡಿ.